ಸರ್ ಪಾಸ್‌ವರ್ಡ್ ಕೊಟ್ಟಿದ್ದಾರೆ, ಬಳಸಲಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು, ವಿಶ್ವವಿದ್ಯಾಲಯಗಳ ಲಾಗಿನ್, ಅಂಕಪಟ್ಟಿ, ಪರೀಕ್ಷೆಯ ಕ್ಯಾಮೆರಾ ಇವುಗಳ ಬಗ್ಗೆಯೇ ಇವೆ. ಕೇಳಿದವರ ಹೆಸರು, ಊರು ಹಾಕಿಲ್ಲ. ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಸಹಾಯಕ ಪ್ರಾಧ್ಯಾಪಕಿ. ಪರೀಕ್ಷೆ ಮುಗಿದ ವಾರ ನಮ್ಮ ವಿಭಾಗದ ಮುಖ್ಯಸ್ಥರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. "ನನ್ನ ಲಾಗಿನ್‌ನಲ್ಲೇ ಹೋಗಿ ಅಂಕ ತುಂಬಿಬಿಡಮ್ಮ" ಎಂದು ಪಾಸ್‌ವರ್ಡ್ ಅನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ತುಂಬಾ ಒಳ್ಳೆಯವರು, ನಂಬಿ ಕೊಟ್ಟಿದ್ದಾರೆ. ಬೇಡ ಎನ್ನಲು ಬಾಯಿ ಬರುತ್ತಿಲ್ಲ. ಬಳಸಬಹುದಾ?

ಉತ್ತರ: ಬಳಸಬೇಡಿ ಮೇಡಂ. ಅವರು ಒಳ್ಳೆಯವರು ಎನ್ನುವುದನ್ನೂ, ನೀವು ಪ್ರಾಮಾಣಿಕರು ಎನ್ನುವುದನ್ನೂ ನಾನು ಪೂರ್ತಿ ನಂಬುತ್ತೇನೆ. ಅದಕ್ಕೇ ಬೇಡ ಎನ್ನುತ್ತಿದ್ದೇನೆ.

ನೀವು ತುಂಬಿದ ಪ್ರತಿ ಅಂಕದ ಪಕ್ಕ ಕಂಪ್ಯೂಟರ್ ಅವರ ಹೆಸರನ್ನೇ ಬರೆದಿಡುತ್ತದೆ. ನಾಳೆ ಒಬ್ಬ ವಿದ್ಯಾರ್ಥಿ "ನನ್ನ 67 ಹೇಗೆ 37 ಆಯಿತು" ಎಂದು ಬಂದರೆ ಏನು ಮಾಡುತ್ತೀರಿ? ತಾವು ಮಾಡಿಲ್ಲ ಎಂದು ಅವರೂ ತೋರಿಸಲಾರರು, ನೀವೂ ತೋರಿಸಲಾರಿರಿ. ನಾನು ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥದ್ದೇ ಒಂದು ಪ್ರಕರಣ ನನ್ನ ಮೇಜಿಗೆ ಬಂತು. ಕೊನೆಗೆ ಗೊತ್ತಾಗಿದ್ದು ಇಷ್ಟೇ, ಅಂಕ ತುಂಬುವಾಗ ಒಂದು ಸಾಲು ಕೆಳಗೆ ಜಾರಿತ್ತು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಆದರೆ ಒಂದೇ ಲಾಗಿನ್ ಅನ್ನು ಮೂವರು ಬಳಸಿದ್ದರಿಂದ ಮೂವರೂ ತಿಂಗಳುಗಟ್ಟಲೆ ವಿಚಾರಣೆಗೆ ಓಡಾಡಿದರು, ಅವರಲ್ಲಿ ಒಬ್ಬರು ಕೆಲಸವನ್ನೇ ಬಿಟ್ಟರು. ನನಗೆ ಅದು ಇವತ್ತಿಗೂ ನೋವಿನ ವಿಷಯ.

ಇನ್ನೊಂದು ಮಾತು. ಆ ಚೀಟಿಯಲ್ಲಿರುವ ಪಾಸ್‌ವರ್ಡ್ ಅಂಕದ ಪುಟವನ್ನು ಮಾತ್ರ ತೆರೆಯುವುದಿಲ್ಲ. ಅವರ ಮೇಲ್, ಸಂಬಳದ ವಿವರ, ವಿದ್ಯಾರ್ಥಿಗಳು ಗುಟ್ಟಾಗಿ ಬರೆದ ದೂರುಗಳು, ಎಲ್ಲವೂ ಅದರಿಂದಲೇ ತೆರೆಯುತ್ತವೆ. ಆ ದೂರು ಬರೆದ ಹುಡುಗಿ ನಿಮ್ಮನ್ನು ನಂಬಿ ಬರೆದಿರಲಿಲ್ಲ ಅಲ್ವಾ?

ಕಂಪ್ಯೂಟರ್ ಪಾಸ್‌ವರ್ಡ್ ಹುಟ್ಟಿದ್ದೂ ವಿಶ್ವವಿದ್ಯಾಲಯದಲ್ಲೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ಅವರ ತಂಡ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟಿತು. ಯಾರ ಫೈಲ್ ಯಾರದು, ಯಾರಿಗೆ ಎಷ್ಟು ಸಮಯ ಎಂದು ಬೇರೆ ಮಾಡಲು ಪಾಸ್‌ವರ್ಡ್ ಬಂತು. 1962ರಲ್ಲೇ ಅದು ಸೋರಿತು! ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಕೊಟ್ಟ ಸಮಯ ಸಾಲುತ್ತಿರಲಿಲ್ಲ. ಆತ ಪಾಸ್‌ವರ್ಡ್‌ಗಳ ಫೈಲ್ ಅನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಖಾತೆಯಲ್ಲಿ ಕೆಲಸ ಮಾಡಿದ. ಎಷ್ಟೋ ವರ್ಷಗಳ ನಂತರ ತಾನೇ ಒಪ್ಪಿಕೊಂಡ. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ಫೈಲ್ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಸ್ವಾಗತದ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಕಾಣಿಸಿತು. ಶೆರ್ ಕಥೆಯನ್ನು ನಾನು ಯಾಕೆ ಹೇಳಿದೆ ಅಂದರೆ, ಆತನಿಗೆ ಬೇಕಿದ್ದದ್ದು ಜಾಸ್ತಿ ಸಮಯ, ಅದನ್ನು ನೇರವಾಗಿ ಪಡೆಯಲು ದಾರಿ ಇರಲಿಲ್ಲ. ನಿಮ್ಮ ಮುಖ್ಯಸ್ಥರ ಪರಿಸ್ಥಿತಿಯೂ ಅದೇ. ಅವರಿಗೆ ಬೇಕಿರುವುದು ಸಹಾಯ.

ಹಾಗಾಗಿ ದಾರಿ ಕೇಳಿ. ಹೆಚ್ಚಿನ ಅಂಕದ ತಂತ್ರಾಂಶಗಳಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವ ಸೌಲಭ್ಯ ಇರುತ್ತದೆ. ಇಂಥ ವಿಷಯ, ಇಂಥ ತಾರೀಖಿನವರೆಗೆ, ತುಂಬಲು ಮಾತ್ರ. ನೀವು ನಿಮ್ಮ ಲಾಗಿನ್‌ನಲ್ಲಿ ತುಂಬುತ್ತೀರಿ, ಅವರು ನೋಡಿ ಒಪ್ಪಿಗೆ ಕೊಡುತ್ತಾರೆ. ಮುಖ್ಯಸ್ಥರಿಗೆ ಹೀಗೆ ಹೇಳಿ ನೋಡಿ: "ಸರ್, ನಾನು ಏನಾದರೂ ತಪ್ಪು ತುಂಬಿದರೆ ನಿಮ್ಮ ಹೆಸರಿಗೆ ಬರುತ್ತದೆ, ಅದು ಬೇಡ. ಆ ಪುಟವನ್ನು ನನ್ನ ಲಾಗಿನ್‌ಗೇ ತೆರೆಸಿಕೊಡಿ, ಇವತ್ತೇ ಮುಗಿಸಿಕೊಡುತ್ತೇನೆ." ಇದರಲ್ಲಿ ಬೇಡ ಎಂದ ಹಾಗೂ ಆಗುವುದಿಲ್ಲ. ಚೀಟಿ ವಾಪಸ್ ಕೊಡಿ, ಪಾಸ್‌ವರ್ಡ್ ಬದಲಿಸಲು ಹೇಳಿ. ತಂತ್ರಾಂಶದಲ್ಲಿ ಆ ಸೌಲಭ್ಯವೇ ಇಲ್ಲ ಎಂದರೆ ಅದು ಸಂಸ್ಥೆಯ ತಪ್ಪು. ಲಿಖಿತವಾಗಿ ಕೇಳಿ. ದಾರಿ ಮಾಡಿಕೊಡದೆ "ಪಾಸ್‌ವರ್ಡ್ ಹಂಚಬೇಡಿ" ಎಂದು ಸುತ್ತೋಲೆ ಕಳಿಸಿ ಕೈತೊಳೆದುಕೊಳ್ಳುವ ಸಂಸ್ಥೆಗಳನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆ: "ನಿಮ್ಮ ಲೈಬ್ರರಿ ಖಾತೆ ಇವತ್ತು ಮುಚ್ಚಲಿದೆ" ಎಂದು ಮೇಲ್ ಬಂತು. ಲಿಂಕ್ ಒತ್ತಿದೆ, ನಮ್ಮ ಕಾಲೇಜಿನದೇ ಪುಟ, ಅದೇ ಲೋಗೋ. ಪಾಸ್‌ವರ್ಡ್ ಹಾಕಿದ ಮೇಲೆ ಅನುಮಾನ ಬಂತು. ಯಾರಿಗೂ ಹೇಳಿಲ್ಲ, ನಾಚಿಕೆ ಆಗುತ್ತಿದೆ.

ಉತ್ತರ: ಮೊದಲು ಕೆಲಸ, ನಾಚಿಕೆ ಆಮೇಲೆ. ಕಾಲೇಜಿನ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ ಪಾಸ್‌ವರ್ಡ್ ಬದಲಿಸಿ. ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿಸಿ. ಆಮೇಲೆ ಮೇಲ್‌ನ ಸೆಟ್ಟಿಂಗ್‌ಗೆ ಹೋಗಿ ನಿಮ್ಮ ಪತ್ರಗಳು ಬೇರೆ ವಿಳಾಸಕ್ಕೆ ರವಾನೆ ಆಗುವ ಹಾಗೆ ಯಾರಾದರೂ ನಿಯಮ ಹಾಕಿದ್ದಾರಾ ನೋಡಿ, ಹೆಚ್ಚಿನವರು ಮರೆಯುವುದು ಇದನ್ನೇ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಉಳಿದು ಪತ್ರಗಳು ಸೋರುತ್ತಲೇ ಇರುತ್ತವೆ. ಅದೇ ಪಾಸ್‌ವರ್ಡ್ ಬೇರೆಡೆ ಬಳಸಿದ್ದರೆ ಅಲ್ಲೂ ಬದಲಿಸಿ. ಆಮೇಲೆ ಕಂಪ್ಯೂಟರ್ ವಿಭಾಗಕ್ಕೆ ಇವತ್ತೇ ಹೇಳಿ. ಆ ಮೇಲ್ ನಿಮ್ಮೊಬ್ಬರಿಗೇ ಬಂದಿರುವುದಿಲ್ಲ, ನೀವು ಬಾಯಿ ಬಿಟ್ಟರೆ ಉಳಿದವರು ಬಚಾವಾಗುತ್ತಾರೆ.

ನಾಚಿಕೆ ಬೇಡ ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇರಾನಿನ 9 ಜನರ ಮೇಲೆ ಆರೋಪ ಹೊರಿಸಿತು. ಅಮೆರಿಕದ 144 ವಿಶ್ವವಿದ್ಯಾಲಯಗಳು, ಬೇರೆ 21 ದೇಶಗಳ 176 ವಿಶ್ವವಿದ್ಯಾಲಯಗಳು ಅವರ ಗುರಿ ಎಂದು ಆರೋಪಪಟ್ಟಿ ಹೇಳುತ್ತದೆ. ಸುಮಾರು 1 ಲಕ್ಷ ಪ್ರಾಧ್ಯಾಪಕರ ಖಾತೆಗಳಿಗೆ ಬಲೆ ಬೀಸಿ, 8,000ದಷ್ಟನ್ನು ವಶಪಡಿಸಿಕೊಂಡರಂತೆ. ಹೇಗೆ? ಬೇರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಹೆಸರಲ್ಲಿ "ನಿಮ್ಮ ಲೇಖನ ಓದಿದೆ, ಚೆನ್ನಾಗಿದೆ, ಇದನ್ನೂ ನೋಡಿ" ಎಂಬ ಪತ್ರ. ಲಿಂಕ್ ಒತ್ತಿದರೆ ತಮ್ಮದೇ ವಿಶ್ವವಿದ್ಯಾಲಯದ ಲಾಗಿನ್ ಪುಟದ ನಕಲು. ಬರೆದದ್ದನ್ನು ಯಾರೋ ಓದಿ ಮೆಚ್ಚಿದರು ಅಂದರೆ ಯಾರಿಗೆ ಖುಷಿ ಆಗುವುದಿಲ್ಲ ಹೇಳಿ.

ಮುಂದಕ್ಕೆ ಕಣ್ಣನ್ನು ನಂಬಬೇಡಿ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತಾನೇ ತುಂಬುವ ಆ್ಯಪ್, ಅಂದರೆ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ. ಅದು ಪುಟದ ಅಂದ ನೋಡುವುದಿಲ್ಲ, ವಿಳಾಸ ನೋಡುತ್ತದೆ. ಒಂದು ಅಕ್ಷರ ಬೇರೆ ಇದ್ದರೂ ಪಾಸ್‌ವರ್ಡ್ ತುಂಬದೆ ಸುಮ್ನೆ ಕೂರುತ್ತದೆ. ಅದು ತುಂಬಲಿಲ್ಲ ಅಂದರೆ ನೀವೂ ಕೈಯಾರೆ ತುಂಬಬೇಡಿ. ಫೋನಿಗೆ ಬರುವ ಕೋಡ್ ಇದ್ದರೆ ಒಳ್ಳೆಯದೇ, ಆದರೆ ನಕಲಿ ಪುಟ ಆ ಕೋಡನ್ನೂ ಕೇಳಿ ಇಸ್ಕೊಳ್ಳಬಹುದು. ನಿಮ್ಮ ಕಾಲೇಜಿನಲ್ಲಿ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ವಿಧಾನ) ಸೌಲಭ್ಯ ಇದ್ದರೆ ಅದೇ ಎಲ್ಲಕ್ಕಿಂತ ಗಟ್ಟಿ, ಯಾಕಂದರೆ ಅದು ಅಸಲಿ ವಿಳಾಸದ ಜೊತೆ ಮಾತ್ರ ಕೆಲಸ ಮಾಡುತ್ತದೆ.

ಪ್ರಶ್ನೆ: ಮೇಲ್, ಲೈಬ್ರರಿ, ಫೀಸು, ಜರ್ನಲ್‌ಗಳು, ಎಲ್ಲಕ್ಕೂ ಒಂದೇ ಲಾಗಿನ್ ಮಾಡಿದ್ದಾರೆ. ಒಂದು ಕೀ ಕಳೆದರೆ ಮನೆಯೆಲ್ಲ ಹೋಯಿತಲ್ಲ? ಜೊತೆಗೆ ನಾನು ಏನು ಓದುತ್ತೇನೆ ಎಂದು ಜರ್ನಲ್ ಕಂಪನಿಗೆಲ್ಲ ಗೊತ್ತಾಗುವುದಿಲ್ಲವಾ?

ಉತ್ತರ: ನಿಮ್ಮ ಮೊದಲ ಭಯ ಅರ್ಧ ಸರಿ. ಆದರೆ ಇಪ್ಪತ್ತು ಕಡೆ ಇಪ್ಪತ್ತು ಪಾಸ್‌ವರ್ಡ್ ಕೊಟ್ಟರೆ ಜನ ಎಲ್ಲ ಕಡೆ ಒಂದನ್ನೇ ಇಡುತ್ತಾರೆ, ಆಗ ಅತಿ ದುರ್ಬಲ ತಾಣ ಒಡೆದರೆ ಸಾಕು. ಒಂದೇ ಬಾಗಿಲಾದರೆ ಅದಕ್ಕೆ ಒಳ್ಳೆಯ ಬೀಗ ಹಾಕಬಹುದು, ಕದ್ದು ಹೋದಾಗ ಒಂದೇ ಕಡೆ ಮುಚ್ಚಬಹುದು.

ಎರಡನೆಯದು ತುಂಬಾ ಮುಖ್ಯವಾದ ಪ್ರಶ್ನೆ. ನೀವು ಜರ್ನಲ್ ತಾಣಕ್ಕೆ ಹೋಗಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಆರಿಸಿದಾಗ ಅದು ನಿಮ್ಮನ್ನು ವಿಶ್ವವಿದ್ಯಾಲಯದ ಪುಟಕ್ಕೇ ಕಳಿಸುತ್ತದೆ. ಪಾಸ್‌ವರ್ಡ್ ಹಾಕುವುದು ಅಲ್ಲಿ. ಜರ್ನಲ್ ಕಂಪನಿ ಅದನ್ನು ಯಾವತ್ತೂ ನೋಡುವುದಿಲ್ಲ. ವಿಶ್ವವಿದ್ಯಾಲಯ ಪರಿಶೀಲಿಸಿ, ಸಹಿ ಹಾಕಿದ ಒಂದು ಚೀಟಿ ಕಳಿಸುತ್ತದೆ. ಆ ಚೀಟಿಯಲ್ಲಿ ಏನು ಬರೆಯಬೇಕು ಎನ್ನುವುದರಲ್ಲೇ ಎಲ್ಲ ಇದೆ. "ಇವರು ನಮ್ಮವರು" ಎಂದಷ್ಟೇ ಬರೆದರೆ ಲೇಖನ ತೆರೆಯಲು ಸಾಕು. ಹೆಸರು ಬೇಡ, ಮೇಲ್ ಬೇಡ, ವಿಭಾಗವೂ ಬೇಡ. ಅದೇ ಓದುಗ ಮತ್ತೆ ಬಂದ ಎಂದು ತಿಳಿಯಬೇಕಿದ್ದರೆ ಒಂದು ಅರ್ಥವಿಲ್ಲದ ಉದ್ದ ಗುರುತು ಕೊಡಬಹುದು. ಆ ಗುರುತು ಒಂದೊಂದು ತಾಣಕ್ಕೂ ಬೇರೆ ಬೇರೆ. ಹಾಗಾಗಿ ಎರಡು ಕಂಪನಿಗಳು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೂ ಇಬ್ಬರೂ ಒಬ್ಬರೇ ಎಂದು ತಿಳಿಯುವುದಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳ ಒಕ್ಕೂಟ ಇಂಟರ್ನೆಟ್2 ಇಂಥ ವ್ಯವಸ್ಥೆ ಕಟ್ಟಲು 2000ದಲ್ಲಿ ಶುರು ಮಾಡಿದ ಯೋಜನೆಯ ಹೆಸರು ಶಿಬ್ಬೋಲೆತ್. ಬೈಬಲ್ಲಿನ ನ್ಯಾಯಸ್ಥಾಪಕರು ಎಂಬ ಭಾಗದಲ್ಲಿ ಈ ಪದ ಬರುತ್ತದೆ. ಯುದ್ಧದಲ್ಲಿ ಸೋತು ಯೊರ್ದನ್ ನದಿ ದಾಟಲು ಬಂದವರನ್ನು ಕಾವಲಿನವರು ತಡೆದು ಈ ಪದ ಹೇಳಿಸುತ್ತಿದ್ದರು. ಸೋತ ಎಫ್ರಾಯೀಮ್ಯ ಕುಲದವರಿಗೆ "ಶ" ಬಾಯಲ್ಲಿ ಬರದೆ "ಸಿಬ್ಬೋಲೆತ್" ಎನ್ನುತ್ತಿದ್ದರು, ಸಿಕ್ಕಿಬಿದ್ದು ಪ್ರಾಣ ಕಳೆದುಕೊಳ್ಳುತ್ತಿದ್ದರು. ಗುರುತು ಕೇಳುವುದು ಎಷ್ಟು ಭಾರದ ಕೆಲಸ ಎಂದು ಆ ಹೆಸರೇ ನೆನಪಿಸುತ್ತದೆ ಎಂದು ನನಗೆ ಅನಿಸುತ್ತದೆ.

ಈಗ ನಿಮ್ಮ ಕೈಯಲ್ಲಿರುವುದು. ಜರ್ನಲ್ ತಾಣದಲ್ಲಿ "ಲೇಖನ ಉಳಿಸಲು ಖಾತೆ ತೆರೆಯಿರಿ" ಎಂದು ಹೆಸರು, ಮೇಲ್ ಕೇಳಿದಾಗ ಕೊಟ್ಟರೆ ಮೇಲೆ ಹೇಳಿದ ರಕ್ಷಣೆಯೆಲ್ಲ ಹೋಯಿತು. ಲೇಖನವನ್ನು ನಿಮ್ಮ ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳಿ. ವಿಶ್ವವಿದ್ಯಾಲಯಕ್ಕೂ ಎರಡು ಪ್ರಶ್ನೆ ಕೇಳಿ: ನೀವು ಹೊರಗಿನ ತಾಣಗಳಿಗೆ ನನ್ನ ಬಗ್ಗೆ ಏನೇನು ಕಳಿಸುತ್ತೀರಿ? ನಾನು ಯಾವ ತಾಣಕ್ಕೆ ಹೋದೆ ಎನ್ನುವ ದಾಖಲೆಯನ್ನು ಎಷ್ಟು ದಿನ ಇಡುತ್ತೀರಿ? ತನಗಿರುವ ಕಾಯಿಲೆ ಬಗ್ಗೆ, ಮನೆಯವರು ಒಪ್ಪದ ಮದುವೆ ಬಗ್ಗೆ, ಸರ್ಕಾರಕ್ಕೆ ಇಷ್ಟವಿಲ್ಲದ ವಿಚಾರದ ಬಗ್ಗೆ ಒಬ್ಬ ವಿದ್ಯಾರ್ಥಿ ಹೆದರಿಕೆ ಇಲ್ಲದೆ ಓದಲು ಆಗಬೇಕು. ಅದು ಆಗದಿದ್ದರೆ ಆ ಲೈಬ್ರರಿಯಿಂದ ಏನು ಪ್ರಯೋಜನ?

ಪ್ರಶ್ನೆ: ಕ್ಯಾಂಪಸ್ ವೈಫೈಗೆ ಸೇರುವಾಗ ಫೋನು "ಈ ಸರ್ಟಿಫಿಕೇಟ್ ನಂಬಬಹುದಾ" ಎಂದು ಕೇಳುತ್ತದೆ. ಎಲ್ಲರೂ ಹೌದು ಒತ್ತುತ್ತಾರೆ. ನಾನೂ ಒತ್ತಲಾ?

ಉತ್ತರ: ಕಣ್ಣು ಮುಚ್ಚಿ ಒತ್ತಬೇಡಿ. ಅದೇ ಹೆಸರಿನ ನಕಲಿ ವೈಫೈ ಅನ್ನು ಯಾರು ಬೇಕಾದರೂ ಹತ್ತಿರದಲ್ಲಿ ಹಬ್ಬಿಸಬಹುದು, ಅಸಲಿ ಯಾವುದು ಎಂದು ಫೋನಿಗೆ ತಿಳಿಸುವುದು ಆ ಸರ್ಟಿಫಿಕೇಟೇ. ನಿಮ್ಮ ಕ್ಯಾಂಪಸ್ಸಿನದು ಎಡುರೋಮ್ (ಹಲವು ದೇಶಗಳ ವಿಶ್ವವಿದ್ಯಾಲಯಗಳು ಹಂಚಿಕೊಂಡಿರುವ ವೈಫೈ ವ್ಯವಸ್ಥೆ) ಆದರೆ ಸಂಸ್ಥೆಯವರು ಕೊಡುವ ಸೆಟಪ್ ಆ್ಯಪ್ ಬಳಸಿ ಒಮ್ಮೆ ಸರಿಯಾಗಿ ಹೊಂದಿಸಿಕೊಳ್ಳಿ. ಆಮೇಲೆ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋದರೂ ಅದೇ ಲಾಗಿನ್ ನಡೆಯುತ್ತದೆ. ಅಲ್ಲಿಯವರು ನಿಮ್ಮ ಪಾಸ್‌ವರ್ಡ್ ನೋಡುವುದಿಲ್ಲ, ನಿಮ್ಮ ಸಂಸ್ಥೆಯನ್ನೇ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ನಾನು ಕಾಲೇಜಿನ ಕಚೇರಿಯಲ್ಲಿದ್ದೇನೆ. ಅಂಕಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇವೆ. ಹೆಸರು ಇಲ್ಲ, ರಿಜಿಸ್ಟರ್ ನಂಬರ್ ಮಾತ್ರ. ಆದರೂ ಕೆಲವರು ತಕರಾರು ಮಾಡುತ್ತಾರೆ.

ಉತ್ತರ: ಅವರ ತಕರಾರು ನ್ಯಾಯವೇ. ರಿಜಿಸ್ಟರ್ ನಂಬರ್ ಹಾಜರಿ ಪುಸ್ತಕದಲ್ಲಿದೆ, ಹಾಲ್ ಟಿಕೆಟ್ಟಿನಲ್ಲಿದೆ, ಪಕ್ಕ ಕೂತವರಿಗೆ ಗೊತ್ತು. ನಂಬರ್ ಕೊಡುವಾಗ ಹೆಸರಿನ ಅಕಾರಾದಿ ಕ್ರಮದಲ್ಲಿ ಕೊಟ್ಟಿದ್ದರಂತೂ ಯಾರದು ಯಾವುದು ಎಂದು ಮಕ್ಕಳಿಗೇ ಲೆಕ್ಕ ಸಿಗುತ್ತದೆ. ನಂಬರ್ ಇರುವುದು ಗುರುತಿಸಲಿಕ್ಕೆ. ಅದನ್ನೇ ಗುಟ್ಟು ಎಂದುಕೊಂಡರೆ ಕಷ್ಟ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ದಶಕಗಳ ಕಾಲ ಸೋಷಿಯಲ್ ಸೆಕ್ಯುರಿಟಿ ನಂಬರನ್ನೇ ವಿದ್ಯಾರ್ಥಿಯ ನಂಬರ್ ಮಾಡಿಕೊಂಡಿದ್ದವು. ಬ್ಯಾಂಕಿನಲ್ಲಿ ಸಾಲ ತೆಗೆಯಲು ಬಳಸುವ ನಂಬರ್ ಕಾಲೇಜಿನ ಕಾರ್ಡಿನ ಮೇಲೆ! ಆಮೇಲೆ ಅದನ್ನು ಬಿಡಿಸಿಕೊಳ್ಳಲು ಪಟ್ಟ ಪಾಡು ದೊಡ್ಡದು.

ಪ್ರತಿಯೊಬ್ಬರೂ ಲಾಗಿನ್ ಆಗಿ ತಮ್ಮ ಅಂಕ ತಾವು ನೋಡುವ ಹಾಗೆ ಮಾಡಿ. ಹೊಸ ವಿದ್ಯಾರ್ಥಿಗೆ ಹುಟ್ಟಿದ ದಿನಾಂಕವನ್ನೇ ಮೊದಲ ಪಾಸ್‌ವರ್ಡ್ ಆಗಿ ಕೊಡುವ ಅಭ್ಯಾಸ ನಿಮ್ಮಲ್ಲಿದ್ದರೆ ದಯವಿಟ್ಟು ನಿಲ್ಲಿಸಿ, ಹುಟ್ಟಿದ ದಿನ ಗೆಳೆಯರಿಗೆಲ್ಲ ಗೊತ್ತಿರುತ್ತದೆ. ಎಕ್ಸೆಲ್ ಫೈಲ್ ಕಳಿಸುವಾಗ ಅಡಗಿಸಿದ ಕಾಲಂಗಳನ್ನೂ ನೋಡಿ. ಅಡಗಿಸಿದ್ದು ಅಳಿಸಿದಂತಲ್ಲ, ಯಾರು ಬೇಕಾದರೂ ಮತ್ತೆ ತೆರೆಯಬಹುದು. ಫೀಸು ಬಾಕಿ, ಫೋನ್ ನಂಬರ್, ಅಂಗವೈಕಲ್ಯದ ವಿವರ ಹೀಗೇ ಹೊರಗೆ ಹೋಗುತ್ತವೆ.

ಪ್ರಶ್ನೆ: ಪಿಎಚ್‌ಡಿಗಾಗಿ ಹಾಸ್ಟೆಲಿನ 300 ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡಿದ್ದೇನೆ. ಹೆಸರು ತೆಗೆದು ಎಲ್ಲರಿಗೂ ಸಿಗುವಂತೆ ಹಾಕಬಹುದಲ್ಲವೇ?

ಉತ್ತರ: ಈಗಲೇ ಹಾಕಬೇಡಿ. ಹೆಸರು ತೆಗೆದರೆ ಮನುಷ್ಯ ಮರೆಯಾಗುವುದಿಲ್ಲ. ಲತಾನ್ಯಾ ಸ್ವೀನಿ ಎಂಬ ವಿಜ್ಞಾನಿ 1990ರ ಜನಗಣತಿ ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಈ ಮೂರೇ ಸೇರಿದರೆ ಅಮೆರಿಕದ 87% ಜನರನ್ನು ಒಬ್ಬೊಬ್ಬರಾಗಿ ಬೇರೆ ಮಾಡಬಹುದು ಎಂದು ಅವರ ಅಂದಾಜು. ಅವರು ಓದುತ್ತಿದ್ದಾಗಲೇ, ಹೆಸರು ತೆಗೆದು ಹಂಚಿದ್ದ ಆಸ್ಪತ್ರೆ ದಾಖಲೆಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ದಾಖಲೆ ಯಾವುದೆಂದು ಪತ್ತೆ ಹಚ್ಚಿದ್ದರು.

ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ಉದಾಹರಣೆ 2008ರದು. ಸಂಶೋಧಕರು ಒಂದು ಕಾಲೇಜಿನ ಇಡೀ ಬ್ಯಾಚಿನ ಫೇಸ್‌ಬುಕ್ ಮಾಹಿತಿ ಸಂಗ್ರಹಿಸಿ, ಕಾಲೇಜಿನ ಹೆಸರನ್ನೂ ವಿದ್ಯಾರ್ಥಿಗಳ ಹೆಸರನ್ನೂ ತೆಗೆದು ಬಿಡುಗಡೆ ಮಾಡಿದರು. ಬ್ಯಾಚಿನ ಗಾತ್ರ, ಅಲ್ಲಿ ಮಾತ್ರ ಇರುವ ಕೆಲವು ವಿಷಯಗಳ ಹೆಸರು ಇಂಥ ಸುಳಿವುಗಳಿಂದ ಅದು ಹಾರ್ವರ್ಡ್ ಎಂದು ಬೇಗನೇ ಗೊತ್ತಾಯಿತು. ಮಾಹಿತಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕಾಲೇಜು ಗೊತ್ತಾದ ಮೇಲೆ, ಒಂದು ದೇಶದಿಂದ ಒಬ್ಬನೇ ವಿದ್ಯಾರ್ಥಿ ಬಂದಿದ್ದರೆ ಅವನ ಸಾಲು ಯಾವುದು ಎಂದು ಹೇಳಬೇಕಾಗಿಯೇ ಇಲ್ಲ.

ನಿಮ್ಮ ಪಟ್ಟಿಯಲ್ಲಿ 300 ಜನ ಮಾತ್ರ, ಅದೂ ಒಂದೇ ಹಾಸ್ಟೆಲ್. ಒಂದು ಪರೀಕ್ಷೆ ಮಾಡಿ. ಆ ಹಾಸ್ಟೆಲ್ ಬಲ್ಲವರು ಒಬ್ಬರು ಈ ಫೈಲ್ ನೋಡಿದರೆ ಎಷ್ಟು ಜನರನ್ನು ಹೆಸರು ಹಿಡಿದು ಹೇಳಬಲ್ಲರು ಎಂದು ನೀವೇ ಕೂತು ಯೋಚಿಸಿ. ವಯಸ್ಸಿನ ಬದಲು ವಯಸ್ಸಿನ ಗುಂಪು, ವಿಭಾಗದ ಬದಲು ವಿಜ್ಞಾನ ಅಥವಾ ಕಲೆ ಎಂದಷ್ಟೇ ಮಾಡಿ, ಮೂರು ನಾಲ್ಕು ಜನ ಮಾತ್ರ ಇರುವ ಗುಂಪುಗಳನ್ನು ದೊಡ್ಡದರಲ್ಲಿ ಸೇರಿಸಿ. "ಬೇರೆ ಏನಾದರೂ ಹೇಳಬೇಕಾ" ಎಂದು ಕೇಳಿ ಬರೆಸಿಕೊಂಡ ಉತ್ತರಗಳನ್ನಂತೂ ಕೊಡಲೇಬೇಡಿ, ಜನ ಅಲ್ಲಿ ತಮ್ಮ ಇಡೀ ಬದುಕನ್ನೇ ಬರೆದಿರುತ್ತಾರೆ. ಇಷ್ಟಾದ ಮೇಲೂ ಎಲ್ಲರಿಗೂ ತೆರೆಯುವ ಬದಲು, ಕೇಳಿದ ಸಂಶೋಧಕರಿಗೆ ಒಪ್ಪಂದದ ಮೇಲೆ ಕೊಡುವುದು ಒಳ್ಳೆಯದು. ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ (ಎಥಿಕ್ಸ್ ಕಮಿಟಿ) ಜೊತೆ ಮಾತಾಡಿ. ಒಬ್ಬ ಹುಡುಗ ರಾತ್ರಿ ನಿದ್ದೆ ಬರುವುದಿಲ್ಲ ಎಂದು ನಿಮಗೆ ಹೇಳಿದ್ದು ನಿಮ್ಮನ್ನು ನಂಬಿ.

ಪ್ರಶ್ನೆ: ಮಗಳ ಫೀಸು ಕಟ್ಟುವವನು ನಾನು. ಫೋನ್ ಮಾಡಿ ಅಂಕ ಕೇಳಿದರೆ ಕಾಲೇಜಿನವರು ಹೇಳುವುದಿಲ್ಲ. ಇದೆಂಥ ನ್ಯಾಯ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ ಸರ್. ಆದರೆ ಫೋನಿನಲ್ಲಿ "ನಾನು ಅವಳ ತಂದೆ" ಎನ್ನುವ ದನಿ ನಿಮ್ಮದೇ ಎಂದು ಆ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಹುಡುಗಿಯ ಬೆನ್ನು ಬಿದ್ದವನೂ ಅದೇ ಮಾತು ಹೇಳಿ ಅವಳ ಹಾಸ್ಟೆಲ್, ತರಗತಿಯ ಸಮಯ ಕೇಳಬಹುದು. ಅವರು ಹೇಳದೆ ಇದ್ದದ್ದು ನಿಮ್ಮ ಮಗಳ ರಕ್ಷಣೆಗೇ. ಅಮೆರಿಕದ 1974ರ ಕಾನೂನಿನ ಪ್ರಕಾರ ದಾಖಲೆಗಳ ಹಕ್ಕು ಮಗುವಿಗೆ 18 ತುಂಬಿದಾಗ ಅಥವಾ ಕಾಲೇಜು ಸೇರಿದಾಗ ಪೋಷಕರಿಂದ ವಿದ್ಯಾರ್ಥಿಗೆ ಹೋಗುತ್ತದೆ, ಕೆಲವು ವಿನಾಯಿತಿಗಳಿವೆ ಅಷ್ಟೇ. ಮಗಳನ್ನೇ ಕೇಳಿ, ಅವಳೇ ತೆರೆದು ತೋರಿಸಲಿ.

ಪ್ರಶ್ನೆ: ಮನೆಯಿಂದ ಬರೆಯುವ ಪರೀಕ್ಷೆಗೆ ಮೊದಲು ಕ್ಯಾಮೆರಾ ತಿರುಗಿಸಿ ಇಡೀ ಕೋಣೆ ತೋರಿಸಿ ಎನ್ನುತ್ತಾರೆ. ಒಂದೇ ಕೋಣೆಯ ಮನೆ ನಮ್ಮದು. ಬೇಡ ಎನ್ನಬಹುದಾ?

ಉತ್ತರ: ಕೇಳುವ ಹಕ್ಕು ನಿಮಗಿದೆ. ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಇದೇ ವಿಷಯಕ್ಕೆ ನ್ಯಾಯಾಲಯಕ್ಕೆ ಹೋಗಿದ್ದ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶರು ಆ ಕೋಣೆ ತಪಾಸಣೆ ಸಂವಿಧಾನಕ್ಕೆ ವಿರುದ್ಧ ಎಂದರು. ಆ ತೀರ್ಪು ಬೇರೆ ದೇಶದ ಕಾಲೇಜುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಪತ್ರದಲ್ಲಿ ಹೇಳಲು ಒಳ್ಳೆಯ ಆಧಾರ. ಪರೀಕ್ಷೆಗೆ ಸಾಕಷ್ಟು ಮೊದಲೇ ಬರೆದು ಕೇಳಿ: ವಿಡಿಯೋ ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ, ಕ್ಯಾಂಪಸ್ಸಿಗೆ ಬಂದು ಬರೆಯಬಹುದಾ. ಪರೀಕ್ಷೆಯ ದಿನ ಜಗಳ ಬೇಡ, ನಿಮ್ಮ ಮನಸ್ಸು ಕೆಡುತ್ತದೆ.

ಪ್ರಶ್ನೆ: ಓದು ಮುಗಿದು ಮೂರು ವರ್ಷ ಆಯಿತು. ಕಾಲೇಜಿನ ಮೇಲ್ ಇನ್ನೂ ತೆರೆಯುತ್ತದೆ. ಇರಲಿ ಬಿಡಿ ಅಂತ ಬಿಟ್ಟಿದ್ದೇನೆ. ತೊಂದರೆ ಇದೆಯಾ?

ಉತ್ತರ: ಇದೆ. ನೀವು ನೋಡದ ಖಾತೆಗೆ ಯಾರು ನುಗ್ಗಿದರೂ ನಿಮಗೆ ಗೊತ್ತಾಗುವುದಿಲ್ಲ, ಆದರೆ ನಿಮ್ಮ ಹೆಸರಲ್ಲಿ ಹೋದ ಪತ್ರವನ್ನು ಜನ ನಂಬುತ್ತಾರೆ. ಸೇರುವ ದಿನ ಖಾತೆ ತೆರೆಯಲು ಎಲ್ಲ ಸಂಸ್ಥೆಗಳಿಗೂ ಆತುರ, ಹೋಗುವ ದಿನ ಮುಚ್ಚಲು ಯಾರಿಗೂ ನೆನಪಿಲ್ಲ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಗೆ 2018ರ ಕೊನೆಯಲ್ಲಿ ಕಳ್ಳರು ಹೊಕ್ಕರು. ಗೊತ್ತಾಗಿದ್ದು 2019ರಲ್ಲಿ. ಅವರು ತಲುಪಿದ ವ್ಯವಸ್ಥೆಯಲ್ಲಿ 19 ವರ್ಷ ಹಿಂದಿನವರೆಗಿನ ಸಿಬ್ಬಂದಿ, ವಿದ್ಯಾರ್ಥಿಗಳ ವಿವರ ಇತ್ತು. ಅಷ್ಟನ್ನೂ ಕದ್ದೊಯ್ದಿಲ್ಲ ಎಂದು ಆಮೇಲೆ ವಿಶ್ವವಿದ್ಯಾಲಯ ಹೇಳಿತು, ಆದರೆ ಎಂದೋ ಓದಿ ಹೋದವರೂ ಹೆದರಿ ಕೂರಬೇಕಾಯಿತು. ಇನ್ನೊಂದು ವಿಷಯ, ಆ ದಾಳಿ ಶುರುವಾದ ಮೇಲ್‌ನಲ್ಲಿ ಯಾರೂ ಲಿಂಕ್ ಒತ್ತಿರಲಿಲ್ಲ, ಮೇಲ್ ಅನ್ನು ಪೂರ್ತಿ ತೆರೆಯದೆ ಮುನ್ನೋಟದಲ್ಲಿ (ಪ್ರಿವ್ಯೂ) ನೋಡಿದ್ದಷ್ಟೇ ಸಾಕಾಯಿತು ಎಂದು ಅವರದೇ ವರದಿಯಲ್ಲಿದೆ. ಸಿಬ್ಬಂದಿಯನ್ನು ಬೈದು ಆಗುವುದೇನೂ ಇಲ್ಲ ಎಂದು ನಾನು ಹೇಳುವುದು ಇಂಥದ್ದನ್ನೆಲ್ಲ ನೋಡಿಯೇ.

ಈ ವಾರಾಂತ್ಯ ಎರಡು ಗಂಟೆ ಕೊಡಿ. ಬ್ಯಾಂಕು, ಕೆಲಸ, ಬೇರೆ ತಾಣಗಳಲ್ಲಿ ಎಲ್ಲೆಲ್ಲಿ ಆ ಮೇಲ್ ಕೊಟ್ಟಿದ್ದೀರೋ ಅಲ್ಲೆಲ್ಲ ಹೊಸದನ್ನು ಹಾಕಿ. ಬೇಕಾದ ಪತ್ರ, ಪ್ರಾಜೆಕ್ಟು, ಫೋಟೋ ಇಳಿಸಿಕೊಳ್ಳಿ. ಆಮೇಲೆ ಕಾಲೇಜಿಗೆ ಬರೆಯಿರಿ: "ನನ್ನ ಖಾತೆ ಮುಚ್ಚಿ, ಮುಚ್ಚಿದ ದಿನಾಂಕ ತಿಳಿಸಿ. ನನ್ನ ಯಾವ ದಾಖಲೆಗಳನ್ನು ಇಟ್ಟುಕೊಳ್ಳುತ್ತೀರಿ, ಎಷ್ಟು ವರ್ಷ ಎಂದೂ ತಿಳಿಸಿ." ಅಂಕಪಟ್ಟಿ, ಪದವಿಯ ದಾಖಲೆ ಅವರು ಇಡಲೇಬೇಕು, ಅದು ನಿಮಗೂ ಬೇಕು. ಹಾಸ್ಟೆಲಿಗೆ ಕೊಟ್ಟ ಆರೋಗ್ಯದ ವಿವರ, ಗುರುತಿನ ಚೀಟಿಗಳ ನಕಲು ಇವು ಇನ್ನೂ ಯಾಕೆ ಬೇಕು ಎಂದು ಕೇಳಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ, ನಿಮ್ಮ ಹೆಸರು ಅಳಿಸಿ.